ಸರ್ಜರಿ ಬಿಟ್ಟು ಅನಸ್ತೇಶಿಯಾಕ್ಕೆ: ಅಮೆರಿಕದಲ್ಲಿ ಇಂಟರ್ನ್ ವರ್ಷ ಮುಗಿಸಿ ಬ್ರಾಂಚ್ ಬದಲಿಸುವುದು ಹೇಗೆ

ನನಗೆ ಇದು ಕಿವಿಯಿಂದ ಶುರುವಾಯಿತು. 2021ರ ನವೆಂಬರ್, ರಾತ್ರಿ ಎರಡೂವರೆ. ಕರುಳು ತೂತಾದ ರೋಗಿಯೊಬ್ಬರು ಟೇಬಲ್ ಮೇಲಿದ್ದರು. ನಾನು ಜನರಲ್ ಸರ್ಜರಿ ಇಂಟರ್ನ್, ಅಂದರೆ ಕೊಯ್ದ ಜಾಗವನ್ನು ಅಗಲಿಸಿಡುವ ರಿಟ್ರ್ಯಾಕ್ಟರ್ ಹಿಡಿಯುವ ಕೈ. ಪಲ್ಸ್ ಆಕ್ಸಿಮೀಟರ್ ಪ್ರತಿ ಬಡಿತಕ್ಕೂ ಒಂದು ಸದ್ದು ಮಾಡುತ್ತದೆ, ಗೊತ್ತಲ್ವಾ? ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದ ಹಾಗೆ ಆ ಸ್ವರವೂ ಕೆಳಗಿಳಿಯುತ್ತದೆ. ನಮ್ಮಮ್ಮ ದಾವಣಗೆರೆಯಲ್ಲಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಶ್ರುತಿ ಒಂದೆಳೆ ಜಾರಿದರೂ ನನಗೆ ಕಿರಿಕಿರಿಯಾಗುತ್ತದೆ. ಅವತ್ತು ಜಾರಿತು. ಸೀನಿಯರ್ "ಎಳಿ, ಇನ್ನೂ ಎಳಿ" ಅನ್ನುತ್ತಿದ್ದರೆ ನಾನು ರೋಗಿಯ ತಲೆಯ ಕಡೆ ಕಟ್ಟಿದ ಬಟ್ಟೆಯ ಪರದೆಯ ಆಚೆ ನೋಡುತ್ತಿದ್ದೆ. ಅಲ್ಲಿ ಅನಸ್ತೇಶಿಯಾ ಡಾಕ್ಟರ್ ಆಗಲೇ ಎದ್ದು ನಿಂತಿದ್ದರು. ವೆಂಟಿಲೇಟರ್ ಬಿಡಿಸಿ ಕೈಯಲ್ಲೇ ಬ್ಯಾಗ್ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಟ್ಯೂಬನ್ನು ಬಾಯಿಂದ ಮಷೀನಿನವರೆಗೂ ತಡವಿ ನೋಡುತ್ತಿದ್ದರು. ಒಂದೆರಡು ನಿಮಿಷದಲ್ಲಿ ಸ್ವರ ಮತ್ತೆ ಮೇಲಕ್ಕೆ ಬಂತು. ಸರ್ಜನ್ ತಲೆ ಎತ್ತಲೇ ಇಲ್ಲ.

ನಾನು ಪರದೆಯ ತಪ್ಪು ಕಡೆ ನಿಂತಿದ್ದೇನೆ ಅನ್ನಿಸಿದ್ದು ಆಗಲೇ. ಮುಂದಿನ ಜುಲೈ 1ಕ್ಕೆ ನಾನು ಬೇರೆ ಊರಲ್ಲಿ, ಬೇರೆ ಆಸ್ಪತ್ರೆಯಲ್ಲಿ, ಪರದೆಯ ಆ ಕಡೆ ಇದ್ದೆ. ನಡುವಿನ ಏಳೂವರೆ ತಿಂಗಳಲ್ಲಿ ಏನೇನು ಮಾಡಬೇಕಾಯಿತು, ಎಲ್ಲಿ ಎಡವಿದೆ ಅಂತ ಬರೆಯುತ್ತಿದ್ದೇನೆ. ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬಂದ ಕನ್ನಡದ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ.

ಊರಲ್ಲಿ ಓದುವವರಿಗೆ ಒಂದು ಮಾತು. ಇಲ್ಲಿ ಇಂಟರ್ನ್ ಅಂದರೆ ನಮ್ಮ ಎಂಬಿಬಿಎಸ್ ಕೊನೆಯ ಹೌಸ್ ಸರ್ಜೆನ್ಸಿ ಅಲ್ಲ. ರೆಸಿಡೆನ್ಸಿಯ, ಅಂದರೆ ನಮ್ಮ ಪಿಜಿಯಂಥದ್ದರ ಮೊದಲ ವರ್ಷ. ಪಿಜಿವೈ-1 ಅಂತಲೂ ಕರೆಯುತ್ತಾರೆ. ನಮ್ಮಲ್ಲಿ ಪಿಜಿ ಸೀಟು ಬಿಟ್ಟರೆ ದಂಡ ಕಟ್ಟಬೇಕು, ಮತ್ತೆ ನೀಟ್ ಬರೆಯಬೇಕು. ಅದಕ್ಕೇ ಮನೆಯವರು ಈ ಸುದ್ದಿ ಕೇಳಿದ ಕೂಡಲೇ ಗಾಬರಿಯಾಗುತ್ತಾರೆ. ಅಮ್ಮ ಕೇಳಿದ್ದು ಇಷ್ಟು: "ಆಪರೇಷನ್ ಮಾಡೋದು ಬಿಟ್ಟು ನಿದ್ದೆ ಬರೋ ಇಂಜೆಕ್ಷನ್ ಕೊಡೋಕೆ ಹೋಗ್ತೀಯೇನೇ?" ಉತ್ತರ ಹೇಳಲು ನನಗೆ ಎರಡು ಭಾನುವಾರ ಬೇಕಾಯಿತು.

ಸುಸ್ತೋ, ಬೇರೆ ಏನೋ?

ಮೊದಲು ಇದನ್ನು ಬೇರ್ಪಡಿಸಿ. ವಾರಕ್ಕೆ 80 ಗಂಟೆ ಮಿತಿ ಇದೆ, ನಿಜ. ಆದರೆ ಅದು ನಾಲ್ಕು ವಾರದ ಸರಾಸರಿ. ಒಂದು ವಾರ 92 ಆಗಿ ಇನ್ನೊಂದು ವಾರ 68 ಆದರೂ ಕಾಗದದ ಮೇಲೆ ಎಲ್ಲ ಸರಿಯೇ. ನವೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಬೆಳಕಿಲ್ಲದಾಗ ಆಸ್ಪತ್ರೆಗೆ ಹೋಗಿ, ಬೆಳಕಿಲ್ಲದಾಗ ಮನೆಗೆ ಬರುತ್ತೀರಿ. ಆಗ ಯಾವ ಬ್ರಾಂಚ್ ಆದರೂ ಬೇಡ ಅನ್ನಿಸುತ್ತದೆ.

ನಾನು ಮಾಡಿದ್ದು ಇದು. ಫೋನಿನಲ್ಲಿ ದಿನಕ್ಕೆ ಒಂದೇ ಸಾಲು ಬರೆದುಕೊಳ್ಳುತ್ತಿದ್ದೆ: ಇವತ್ತು ಯಾವ ಹೊತ್ತಿನಲ್ಲಿ ಗಡಿಯಾರ ನೋಡಲಿಲ್ಲ? ರೋಗಿಯ ಹೆಸರು, ನಂಬರ್ ಏನೂ ಇರಬಾರದು. ಮೂರು ವಾರದ ಸಾಲುಗಳನ್ನು ಒಟ್ಟಿಗೆ ಓದಿದೆ. ಐಸಿಯುನಲ್ಲಿ ಬ್ಲಡ್ ಪ್ರೆಶರ್ ಔಷಧಿ ಏರಿಸಿ ಇಳಿಸಿದ ರಾತ್ರಿ. ಟ್ಯೂಬ್ ಹಾಕಲು ಬಿಟ್ಟ ಬೆಳಿಗ್ಗೆ. ಕ್ಲಿನಿಕ್ಕಿನ ಒಂದು ದಿನವೂ ಇರಲಿಲ್ಲ. ಆಪರೇಷನ್ನಿನ ದಿನಗಳಿದ್ದವು, ಆದರೆ ಅವತ್ತೂ ಬರೆದದ್ದು ಪರದೆಯ ಆಚೆಯ ವಿಷಯವೇ. ಆಮೇಲೆ ಒಂದು ವಾರ ರಜೆ ಹಾಕಿ ಚೆನ್ನಾಗಿ ನಿದ್ದೆ ಮಾಡಿದೆ. ನಿದ್ದೆ ತೀರಿದ ಮೇಲೂ ಮನಸ್ಸು ಬದಲಾಗಲಿಲ್ಲ. ನಿಮ್ಮ ವಿಷಯದಲ್ಲಿ ನಿದ್ದೆಯಾದ ಮೇಲೆ ಆ ಯೋಚನೆ ಹೋದರೆ, ಇಲ್ಲಿಗೇ ಓದುವುದು ನಿಲ್ಲಿಸಿ, ಕೆಲಸಕ್ಕೆ ಹೋಗಿ.

ಬೇಕಾದ ಬ್ರಾಂಚನ್ನು ಒಂದೆರಡು ದಿನವಾದರೂ ಹತ್ತಿರದಿಂದ ನೋಡಿ. ಆ ರಜೆಯಲ್ಲೇ ಎರಡು ದಿನ ಅನಸ್ತೇಶಿಯಾ ರೂಮಿನಲ್ಲಿ ಸುಮ್ನೆ ಕುಳಿತಿದ್ದೆ. ಬೇಜಾರಿನ ಭಾಗವನ್ನೂ ನೋಡಬೇಕು. ಎಲ್ಲ ಸರಿಯಾಗಿ ನಡೆಯುವ ನಾಲ್ಕು ಗಂಟೆಯ ಆಪರೇಷನ್ನಿನಲ್ಲಿ ಸ್ಟೂಲ್ ಮೇಲೆ ಕೂತಿರುವುದು ನಿಮಗೆ ಆಗುತ್ತದೆಯೇ? ನನಗಾಯಿತು.

ತಿಂಗಳುಗಳ ಲೆಕ್ಕ

ಮಾಡಿದ ಇಂಟರ್ನ್ ವರ್ಷ ಹೊಸ ಬ್ರಾಂಚಿನಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಅದು ನೀವು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲಿದೆ.

ಅನಸ್ತೇಶಿಯಾ, ರೇಡಿಯಾಲಜಿ, ಪಿಎಂ ಅಂಡ್ ಆರ್ (ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಷನ್) ಇವಕ್ಕೆಲ್ಲ ಮೊದಲು ಒಂದು ವರ್ಷ ವಾರ್ಡ್ ಕೆಲಸ ಮಾಡಿರಬೇಕು. ಅದು ಮೆಡಿಸಿನ್‌ನಲ್ಲಾದರೂ ಸರಿ, ಸರ್ಜರಿಯಲ್ಲಾದರೂ ಸರಿ. ಹಾಗಾಗಿ ಸರ್ಜರಿ ಇಂಟರ್ನ್‌ಗೆ ಇವು ಹತ್ತಿರದ ದಾರಿ. ಸೈಕಿಯಾಟ್ರಿಗೆ ಮೆಡಿಸಿನ್, ಪೀಡಿಯಾಟ್ರಿಕ್ಸ್, ಫ್ಯಾಮಿಲಿ ಮೆಡಿಸಿನ್ ಇಂಟರ್ನ್ ವರ್ಷ ಚೆನ್ನಾಗಿ ಹೊಂದುತ್ತದೆ, ನೇರ ಎರಡನೇ ವರ್ಷಕ್ಕೆ ಸೇರಬಹುದು. ಸರ್ಜರಿಯಿಂದ ಹೋದರೆ ಮೆಡಿಸಿನ್ ತಿಂಗಳುಗಳು ಕಡಿಮೆ ಬೀಳುತ್ತವೆ. ನ್ಯೂರಾಲಜಿಯಲ್ಲೂ ಇದೇ ತೊಂದರೆ. ಪೆಥಾಲಜಿಗೆ ಈ ವಾರ್ಡ್ ವರ್ಷವೇ ಬೇಡ, ಆದ್ದರಿಂದ ಮತ್ತೆ ಒಂದನೇ ವರ್ಷದಿಂದ ಶುರು. ಸರ್ಜರಿಯಿಂದ ಮೆಡಿಸಿನ್‌ಗೆ ಹೋದವರಿಗೆ ಕೆಲವು ತಿಂಗಳು ಸಿಕ್ಕರೂ, ಹೆಚ್ಚಿನವರು ಇನ್ನೊಮ್ಮೆ ಇಂಟರ್ನ್ ಆಗುತ್ತಾರೆ. ಸಂಬಳವೂ ಆ ವರ್ಷದ್ದೇ.

ಎಷ್ಟು ತಿಂಗಳು ಒಪ್ಪುತ್ತಾರೆ ಅನ್ನುವುದನ್ನು ಹೊಸ ಪ್ರೋಗ್ರಾಂ ಡೈರೆಕ್ಟರ್ (ಆ ಆಸ್ಪತ್ರೆಯ ಆ ಬ್ರಾಂಚಿನ ರೆಸಿಡೆನ್ಸಿ ನಡೆಸುವವರು) ಮತ್ತು ಆ ಬ್ರಾಂಚಿನ ತಜ್ಞರಿಗೆ ಸರ್ಟಿಫಿಕೇಟ್ ಕೊಡುವ ಬೋರ್ಡ್ ತೀರ್ಮಾನಿಸುತ್ತಾರೆ. ವಾಟ್ಸಾಪ್ ಗ್ರೂಪಿನ ಗೆಳೆಯರಲ್ಲ. ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಅನಸ್ತೇಶಿಯಾಕ್ಕೆ ಆ ಮೊದಲ ವರ್ಷದಲ್ಲಿ ಐಸಿಯು ಮತ್ತು ಎಮರ್ಜೆನ್ಸಿ ತಿಂಗಳುಗಳೂ ಇರಬೇಕು. ನನ್ನ ಪಟ್ಟಿಯಲ್ಲಿ ಐಸಿಯು ಇತ್ತು, ಎಮರ್ಜೆನ್ಸಿ ಇರಲಿಲ್ಲ. ಏಪ್ರಿಲ್‌ನ ವಾಸ್ಕ್ಯುಲರ್ (ರಕ್ತನಾಳದ ಸರ್ಜರಿ) ತಿಂಗಳನ್ನು ಇನ್ನೊಬ್ಬ ಇಂಟರ್ನ್ ಜೊತೆ ಅದಲು ಬದಲು ಮಾಡಿಕೊಂಡು ಎಮರ್ಜೆನ್ಸಿ ಹಾಕಿಸಿಕೊಂಡೆ. ಆ ಒಂದು ಅದಲು ಬದಲಿಗೆ ನಾನು ಎರಡು ಶನಿವಾರ ಅವರ ಕಾಲ್ ಡ್ಯೂಟಿ ಮಾಡಿಕೊಟ್ಟೆ. ಅಗ್ಗದ ವ್ಯಾಪಾರವೇ.

ಇನ್ನೊಂದು ಲೆಕ್ಕ ದುಡ್ಡಿನದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ರೆಸಿಡೆಂಟ್‌ಗಳ ತರಬೇತಿಗೆ ಆಸ್ಪತ್ರೆಗೆ ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಹಣ ಕೊಡುತ್ತದೆ. ನೀವು ಮೊದಲು ಸೇರಿದ ಬ್ರಾಂಚಿಗೆ ಎಷ್ಟು ವರ್ಷವೋ ಅಷ್ಟು ವರ್ಷಕ್ಕೆ ಪೂರ್ತಿ ಲೆಕ್ಕ. ಅದು ದಾಟಿದರೆ ನೇರ ತರಬೇತಿ ವೆಚ್ಚದ ಭಾಗದಲ್ಲಿ ನಿಮ್ಮನ್ನು ಅರ್ಧ ರೆಸಿಡೆಂಟ್ ಅಂತ ಎಣಿಸುತ್ತಾರೆ. ಜನರಲ್ ಸರ್ಜರಿಗೆ ಐದು ವರ್ಷ. ನನ್ನದು ಒಂದು ಸರ್ಜರಿ, ಮೂರು ಅನಸ್ತೇಶಿಯಾ, ಒಟ್ಟು ನಾಲ್ಕು. ಐದರ ಒಳಗೇ ಬಂತು. ಅದೇ ಮೆಡಿಸಿನ್‌ನಲ್ಲಿ ಶುರು ಮಾಡಿದವರಿಗೆ ಮೂರೇ ವರ್ಷ. ಅವರು ಸರ್ಜರಿಗೆ ಹೋದರೆ ಕೊನೆಯ ಮೂರು ವರ್ಷ ಆಸ್ಪತ್ರೆಗೆ ಕಡಿಮೆ ಬರುತ್ತದೆ. ಹಾಗಂತ ದಾರಿ ಮುಚ್ಚಿತು ಅಂತಲ್ಲ, ಎಷ್ಟೋ ಕಡೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ಫಂಡಿಂಗ್ ಮಾತು ಬಂದರೆ ಕಣ್ಣು ಕಣ್ಣು ಬಿಡಬೇಡಿ. ನಿಮ್ಮ ಲೆಕ್ಕ ನಿಮ್ಮ ಬಾಯಲ್ಲಿರಲಿ.

ಡೈರೆಕ್ಟರ್‌ಗೆ ಹೇಳುವುದು

ನಾನು ಎಡವಿದ್ದು ಇಲ್ಲೇ. ಮೊದಲು ಹೇಳಿದ್ದು ಜೊತೆಯ ಇಂಟರ್ನ್‌ಗೆ, ಕ್ಯಾಂಟೀನಿನಲ್ಲಿ, ತಣ್ಣಗಾದ ಫ್ರೈಸ್ ತಿನ್ನುತ್ತಾ. ಒಳ್ಳೆಯ ಹುಡುಗ, ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಅವನು ಚೀಫ್ ರೆಸಿಡೆಂಟ್‌ಗೆ ಹೇಳಿದ. ನಾಲ್ಕನೇ ದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ಒಬ್ಬ ಅಟೆಂಡಿಂಗ್ (ತರಬೇತಿ ಮುಗಿಸಿದ ಹಿರಿಯ ಡಾಕ್ಟರ್) ನನ್ನ ಕಡೆ ನೋಡಿ "ನಿನಗೆ ಹೊಟ್ಟೆಯ ಒಳಗಿನದರಲ್ಲಿ ಆಸಕ್ತಿ ಇಲ್ಲವಂತೆ?" ಅಂದರು. ಎಲ್ಲರೂ ನಕ್ಕರು. ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಸುದ್ದಿಯ ವಿಷಯದಲ್ಲಿ ಅದು ನಮ್ಮೂರ ಬಸ್‌ಸ್ಟ್ಯಾಂಡ್ ಹೋಟೆಲ್ಲೇ.

ಅವತ್ತೇ ಮಧ್ಯಾಹ್ನ ಪ್ರೋಗ್ರಾಂ ಡೈರೆಕ್ಟರ್ ಹತ್ತಿರ ಓಡಿದೆ. ಹಾಗೆ ಓಡುವ ಸ್ಥಿತಿ ನಿಮಗೆ ಬರದಿರಲಿ. ನಿರ್ಧಾರ ಗಟ್ಟಿಯಾದ ದಿನ ಮೊದಲು ಅವರಿಗೇ ಹೇಳಿ. ಯಾಕೆಂದರೆ ಈ ಕೆಲಸ ಅವರಿಲ್ಲದೆ ಆಗುವುದೇ ಇಲ್ಲ. ಬೇರೆ ಪ್ರೋಗ್ರಾಂನಿಂದ ಬರುವ ರೆಸಿಡೆಂಟನ್ನು ತೆಗೆದುಕೊಳ್ಳುವ ಮೊದಲು, ಹಳೆಯ ಕಡೆ ಏನು ಕಲಿತರು, ಹೇಗೆ ಮಾಡಿದರು ಅನ್ನುವ ದಾಖಲೆಯನ್ನು ಹೊಸ ಪ್ರೋಗ್ರಾಂ ತರಿಸಿಕೊಳ್ಳಲೇಬೇಕು. ಇದು ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಸಂಸ್ಥೆಯ ನಿಯಮ. ಅದರ ಜೊತೆ ಎಲ್ಲರೂ ಈಗಿನ ಡೈರೆಕ್ಟರ್‌ನ ಪತ್ರ ಕೇಳುತ್ತಾರೆ. ಆ ಪತ್ರ ಇಲ್ಲದಿದ್ದರೆ ಉಳಿದ ಮೂರು ಪತ್ರ ಎಷ್ಟೇ ಸಿಹಿಯಾಗಿದ್ದರೂ ಓದುವವರ ಕಣ್ಣು ಆ ಖಾಲಿ ಜಾಗದ ಮೇಲೇ ಇರುತ್ತದೆ.

ಅವರ ಬಾಗಿಲು ತಟ್ಟುವಾಗ ಮೂರು ವಿಷಯ ಬಾಯಲ್ಲಿರಬೇಕು. ಎಲ್ಲಿಗೆ ಹೋಗಬೇಕು. ಯಾಕೆ. ಜೂನ್ 30ರವರೆಗೆ ಕೆಲಸದಲ್ಲಿ ಕೊರತೆ ಮಾಡುವುದಿಲ್ಲ ಅನ್ನುವ ಮಾತು. ನಾನು ಮೊದಲ ಐದು ನಿಮಿಷ ಸುಮ್ನೆ ಕ್ಷಮೆ ಕೇಳುತ್ತಾ ಕೂತಿದ್ದೆ. ಅವರು ತಡೆದು, "ಓಡಿಹೋಗ್ತಿದ್ದೀಯೋ, ಎಲ್ಲಿಗೋ ಹೋಗ್ತಿದ್ದೀಯೋ, ಅದು ಹೇಳು" ಅಂದರು. ಆಗ ಪಲ್ಸ್ ಆಕ್ಸಿಮೀಟರ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರಾತ್ರಿ ನನಗೂ ಕೇಳಿಸಬೇಕಿತ್ತು" ಅಂದರು. ಅವತ್ತಿನ ಸರ್ಜನ್ ಅವರೇ. ನನಗೆ ಅದು ಮರೆತೇ ಹೋಗಿತ್ತು!

ಎಲ್ಲರಿಗೂ ಇಂಥವರು ಸಿಗುವುದಿಲ್ಲ. ನನ್ನ ಪರಿಚಯದ ಒಬ್ಬರಿಗೆ ಡೈರೆಕ್ಟರ್ ಪತ್ರವನ್ನೇ ಕೊಡದೆ ಎರಡು ತಿಂಗಳು ಸತಾಯಿಸಿದರು. ಹಾಗಾದರೆ ರೆಸಿಡೆಂಟ್‌ಗಳ ತರಬೇತಿ ನೋಡಿಕೊಳ್ಳುವ ಆಸ್ಪತ್ರೆಯ ಜಿಎಂಇ ಆಫೀಸಿನಲ್ಲಿ ಡಿಐಒ ಅಂತ ಒಬ್ಬರಿರುತ್ತಾರೆ, ಎಲ್ಲ ಪ್ರೋಗ್ರಾಂಗಳಿಗೂ ಮೇಲಿನವರು. ಅವರ ಬಳಿ ಹೋಗಿ. ದೂರು ಕೊಡುವ ದನಿಯಲ್ಲಿ ಬೇಡ, ದಾರಿ ಕೇಳುವ ದನಿಯಲ್ಲಿ ಹೋಗಿ.

ಒಂದು ಎಚ್ಚರಿಕೆ: ಹೊಸ ಕಡೆಯ ಕರಾರು ಕೈಗೆ ಬರುವವರೆಗೆ ರಾಜೀನಾಮೆ ಅನ್ನುವ ಪದ ಬಾಯಿಂದಾಗಲಿ, ಇಮೇಲಿನಲ್ಲಾಗಲಿ ಬರಬಾರದು. ಮುಂದಿನ ವರ್ಷದ ಕರಾರಿನ ಕಾಗದ ಸಾಮಾನ್ಯವಾಗಿ ವಸಂತಕಾಲಕ್ಕೆ ಮೊದಲೇ ಬರುತ್ತದೆ. ಹೊಸ ಕಡೆ ಏನೂ ಆಗದಿದ್ದರೆ ನನ್ನ ಎರಡನೇ ವರ್ಷದ ಸೀಟು ಇರುತ್ತದೆಯೇ ಅಂತ ಮೊದಲ ಭೇಟಿಯಲ್ಲೇ ಕೇಳಿ. ಸಂಕೋಚ ಬೇಡ.

ಸೀಟು ಹುಡುಕುವುದು

ಎರಡು ದಾರಿ ಇದೆ. ಒಂದು, ಮತ್ತೆ ಮ್ಯಾಚ್‌ಗೆ, ಅಂದರೆ ದೇಶದಾದ್ಯಂತ ರೆಸಿಡೆನ್ಸಿ ಸೀಟು ಹಂಚುವ ವ್ಯವಸ್ಥೆಗೆ ಹೋಗುವುದು. ಇದಕ್ಕೆ ಸೆಪ್ಟೆಂಬರ್ ಕೊನೆಗೆ ಇರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹೋಗಿರಬೇಕು, ಅಂದರೆ ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರುವುದಿಲ್ಲ. ನಮ್ಮಂಥ ಹೊರದೇಶದ ಪದವೀಧರರು ಅದಕ್ಕೆ ಬೇಕಾದ ಆ ವರ್ಷದ ಟೋಕನ್ (ಪ್ರವೇಶ ಸಂಖ್ಯೆ) ಅನ್ನು, ಹೊರದೇಶದ ವೈದ್ಯರ ಅರ್ಹತೆ ನೋಡುವ ಇಸಿಎಫ್‌ಎಂಜಿಯಿಂದ ಹೊಸದಾಗಿ ತೆಗೆದುಕೊಳ್ಳಬೇಕು. ಪಟ್ಟಿಯಲ್ಲಿ "ಆರ್" ಗುರುತಿನ ಸೀಟು ಹುಡುಕಿ. ಅವು ಆಗಲೇ ರೆಸಿಡೆನ್ಸಿ ತರಬೇತಿ ಆದವರಿಗೆ ಇಟ್ಟದ್ದು, ಮ್ಯಾಚ್ ಆದ ಅದೇ ಜುಲೈಗೆ ಶುರುವಾಗುತ್ತವೆ. "ಎ" ಗುರುತಿನವು ಇನ್ನೊಂದು ವರ್ಷ ತಡ. ಎಷ್ಟೋ ಜನ ಈ ಒಂದು ಅಕ್ಷರ ನೋಡದೆ ಅರ್ಜಿ ಹಾಕಿ ನಡುವೆ ಒಂದು ವರ್ಷ ಖಾಲಿ ಕೂತಿದ್ದಾರೆ. ವೀಸಾದಲ್ಲಿರುವವರಿಗೆ ಆ ಖಾಲಿ ವರ್ಷ ದೊಡ್ಡ ತಲೆನೋವು.

ಹಾಗೆಯೇ, ಮ್ಯಾಚ್ ಅಂದರೆ ಕರಾರು. ಸೇರಿದ 45 ದಿನದೊಳಗೆ ಬಿಟ್ಟರೆ ಅದನ್ನು ಮುರಿದಂತೆ ಎಂದು ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಹಿಡಿಯುತ್ತದೆ, ಮುಂದಿನ ಮ್ಯಾಚ್‌ಗಳಿಂದ ಹೊರಗಿಡಲೂಬಹುದು. ಅದೇ ವರ್ಷದ ಬೇರೆ ಸೀಟಿಗೆ ಒಳಗೊಳಗೇ ಮಾತಾಡುವುದೂ ತಪ್ಪು. ಮುಂದಿನ ವರ್ಷಕ್ಕೆ ಅರ್ಜಿ ಹಾಕಲು ಅಡ್ಡಿ ಇಲ್ಲ.

ನನಗೆ ಈ ಯೋಚನೆ ಬಂದದ್ದೇ ನವೆಂಬರ್‌ನಲ್ಲಿ, ಬಸ್ಸು ಹೋಗಿಯಾಗಿತ್ತು. ಉಳಿದದ್ದು ಎರಡನೇ ದಾರಿ: ಯಾರೋ ಬಿಟ್ಟು ಹೋಗಿ ಖಾಲಿಯಾಗುವ ಎರಡನೇ ವರ್ಷದ ಸೀಟು. ನೀವು ಬಿಟ್ಟು ಹೋಗುವ ಹಾಗೆ ಇನ್ನೆಲ್ಲೋ ಇನ್ಯಾರೋ ಬಿಡುತ್ತಿರುತ್ತಾರೆ, ಅಲ್ವಾ? ಡೈರೆಕ್ಟರ್‌ಗಳ ಸಂಘಗಳ ಜಾಲತಾಣಗಳಲ್ಲಿ ಇಂಥ ಸೀಟುಗಳನ್ನು ಹಾಕುತ್ತಾರೆ, ಕೆಲವು ಪ್ರೋಗ್ರಾಂಗಳು ತಮ್ಮ ಪುಟದಲ್ಲೇ ಹಾಕುತ್ತವೆ. ಎಷ್ಟೋ ಸೀಟು ಎಲ್ಲೂ ಕಾಣಿಸುವ ಮೊದಲೇ ಫೋನಿನಲ್ಲಿ ಮುಗಿದುಹೋಗಿರುತ್ತದೆ. ನಾನು ಡಿಸೆಂಬರ್‌ನಿಂದ ಫೆಬ್ರವರಿವರೆಗೆ 61 ಪ್ರೋಗ್ರಾಂಗಳ ಕೋಆರ್ಡಿನೇಟರ್‌ಗಳಿಗೆ ಇಮೇಲ್ ಮಾಡಿದೆ. ಐದೇ ಸಾಲು: ಯಾರು, ಈಗ ಎಲ್ಲಿ, ಯಾವ ತಿಂಗಳುಗಳು ಮುಗಿದಿವೆ, ವೀಸಾ ಯಾವುದು, ನನ್ನ ಡೈರೆಕ್ಟರ್‌ಗೆ ವಿಷಯ ಗೊತ್ತಿದೆ. ಕೊನೆಯ ಸಾಲಿಗೇ ಹೆಚ್ಚು ಬೆಲೆ. ಹದಿನಾಲ್ಕು ಉತ್ತರ ಬಂತು, ಹನ್ನೆರಡು "ಇಲ್ಲ". ಕೋಆರ್ಡಿನೇಟರ್ ಜೊತೆ ಮರ್ಯಾದೆಯಿಂದ ಮಾತಾಡಿ. ಡೈರೆಕ್ಟರ್ ಮೇಜಿನ ಮೇಲೆ ಯಾವ ಕಾಗದ ಮೇಲಿರಬೇಕು ಅಂತ ಗೊತ್ತಿರುವುದು ಅವರಿಗೇ.

ಮಧ್ಯೆ ಸ್ಟೆಪ್ 3, ಅಂದರೆ ಇಲ್ಲಿನ ವೈದ್ಯಕೀಯ ಲೈಸೆನ್ಸಿನ ಕೊನೆಯ ಪರೀಕ್ಷೆ, ಬರೆದು ಮುಗಿಸಿ. ಎಚ್-1ಬಿ (ಕೆಲಸದ ವೀಸಾ) ಬೇಕಿದ್ದರೆ ಅದು ಇರಲೇಬೇಕು. ತರಬೇತಿಗೆ ಕೊಡುವ ಜೆ-1 ವೀಸಾದವರಿಗೂ ಅರ್ಜಿಗೆ ತೂಕ ಕೊಡುತ್ತದೆ.

ಇಂಟರ್‌ವ್ಯೂನಲ್ಲಿ ಕೇಳುವುದು ಒಂದೇ ಪ್ರಶ್ನೆ, ಬೇರೆ ಬೇರೆ ಬಟ್ಟೆ ಹಾಕಿಕೊಂಡು ಬರುತ್ತದೆ: ಅಲ್ಲಿ ಬಿಟ್ಟೆ, ಇಲ್ಲೂ ಬಿಡುತ್ತೀಯಾ? ನನ್ನ ಮೊದಲ ಇಂಟರ್‌ವ್ಯೂನಲ್ಲಿ ಸರ್ಜರಿಯ ಕಷ್ಟಗಳನ್ನು ಹೇಳತೊಡಗಿದೆ. ಎದುರಿಗಿದ್ದವರ ಮುಖ ಝೂಮ್‌ನಲ್ಲೇ ಬಾಡಿತು. ಎರಡನೆಯದರಲ್ಲಿ ಸರ್ಜರಿ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಐಸಿಯುನ ಒಂದು ರಾತ್ರಿ, ಆ ಎರಡು ದಿನ ಸ್ಟೂಲ್ ಮೇಲೆ ಕೂತದ್ದು, ಎಮರ್ಜೆನ್ಸಿ ತಿಂಗಳಿಗಾಗಿ ಶನಿವಾರ ಕೊಟ್ಟದ್ದು ಹೇಳಿದೆ. ಶನಿವಾರದ ಮಾತಿಗೆ ಅವರು ನಕ್ಕರು. ಆಮೇಲೆ ಗೊತ್ತಾಯಿತು, ಅವತ್ತು ಸಂಜೆಯೇ ನನ್ನ ಡೈರೆಕ್ಟರ್‌ಗೆ ಫೋನ್ ಹೋಗಿತ್ತು. ಒಂಬತ್ತು ದಿನಕ್ಕೆ ಕರಾರು ಬಂತು.

ಜೆ-1 ಇದ್ದರೆ

ಇದನ್ನು ನಿಧಾನವಾಗಿ ಓದಿ. ಜೆ-1 ವೈದ್ಯರು ಬ್ರಾಂಚ್ ಬದಲಿಸಬಹುದು, ಆದರೆ ಒಂದೇ ಸಲ. ಅದೂ ಜೆ-1ನಲ್ಲಿ ಬಂದ ಎರಡು ವರ್ಷದೊಳಗೆ. ಮೂರನೇ ವರ್ಷದಲ್ಲಿ ಜ್ಞಾನೋದಯವಾದರೆ ಪ್ರಯೋಜನವಿಲ್ಲ.

ಬರುವಾಗ ದೆಹಲಿಯ ಆರೋಗ್ಯ ಸಚಿವಾಲಯದಿಂದ ಸ್ಟೇಟ್‌ಮೆಂಟ್ ಆಫ್ ನೀಡ್ (ಈ ಬ್ರಾಂಚಿನ ವೈದ್ಯರು ದೇಶಕ್ಕೆ ಬೇಕು ಅನ್ನುವ ಪತ್ರ) ತಂದಿದ್ದಿರಲ್ಲ, ಅದರಲ್ಲಿ ಬ್ರಾಂಚಿನ ಹೆಸರಿರುತ್ತದೆ. ಸರ್ಜರಿ ಅಂತ ಬರೆದ ಪತ್ರ ಅನಸ್ತೇಶಿಯಾಕ್ಕೆ ನಡೆಯುವುದಿಲ್ಲ, ಹೊಸದು ಬೇಕು. ಕರಾರು ಬಂದ ದಿನವೇ ಈ ಕೆಲಸ ಶುರು ಮಾಡಿ. ನನ್ನ ಪರವಾಗಿ ಅಪ್ಪ ದಾವಣಗೆರೆಯಲ್ಲಿ ನೋಟರಿ ಹತ್ತಿರ ಎರಡು ಸಲ ಓಡಾಡಿದರು. ಮೊದಲ ಸಲ ಪಾಸ್‌ಪೋರ್ಟಿನಲ್ಲಿರುವ ನನ್ನ ಹೆಸರಿಗೂ ಕಾಗದದ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸ ಇತ್ತು. ಒಂದು ಅಕ್ಷರಕ್ಕೆ ಹನ್ನೊಂದು ದಿನ ಹೋಯಿತು. ಹೊಸ ಪತ್ರ, ಹೊಸ ಕರಾರು ಎರಡೂ ಸೇರಿದ ಮೇಲೆ ಇಸಿಎಫ್‌ಎಂಜಿ ಹೊಸ ಡಿಎಸ್-2019, ಅಂದರೆ ಜೆ-1 ಅರ್ಹತೆಯ ಪತ್ರ, ಕೊಡುತ್ತದೆ. ಅದು ಕೈಗೆ ಬರುವವರೆಗೆ ಅಮೆರಿಕ ಬಿಟ್ಟು ಹೊರಗೆ ಹೋಗುವ ಧೈರ್ಯ ಮಾಡಬೇಡಿ. ಆ ಮೇ ತಿಂಗಳಲ್ಲಿ ಅಣ್ಣನ ಮದುವೆ ನಾನು ಫೋನಿನಲ್ಲೇ ನೋಡಿದೆ. ಧಾರೆಯ ಹೊತ್ತಿಗೆ ನೆಟ್‌ವರ್ಕ್ ಹೋಯಿತು.

ಜೂನ್

ಹಳೆಯ ಕೆಲಸ ಜೂನ್ 30ಕ್ಕೆ ಮುಗಿಯುತ್ತದೆ, ಹೊಸದು ಜುಲೈ 1ಕ್ಕೆ. ಆದರೆ ಹೊಸ ಆಸ್ಪತ್ರೆಯ ಓರಿಯಂಟೇಷನ್ ಜೂನ್ ಕೊನೆಯ ವಾರದಲ್ಲೇ ಶುರುವಾಗುತ್ತದೆ. ಇದು ಗೊತ್ತಿದ್ದರೆ ಕೊನೆಯ ಒಂದು ವಾರ ರಜೆ ಉಳಿಸಿಕೊಳ್ಳುತ್ತೀರಿ. ಗೊತ್ತಿಲ್ಲದಿದ್ದರೆ ನನ್ನ ಹಾಗೆ ರಾತ್ರಿ ಕಾಲ್ ಮುಗಿಸಿ, ಆರು ಗಂಟೆ ಕಾರು ಓಡಿಸಿ, ಮಧ್ಯಾಹ್ನದ ಸೆಷನ್ನಿನಲ್ಲಿ ತೂಕಡಿಸುತ್ತೀರಿ. ರಾಜ್ಯ ಬದಲಾದರೆ ಟ್ರೈನಿಂಗ್ ಲೈಸೆನ್ಸ್ ಹೊಸದಾಗಿ ಆಗಬೇಕು. ಅದಕ್ಕೆ ಊರಿನ ಕಾಲೇಜಿನಿಂದ ಕಾಗದ ಕೇಳಿದರೂ ಕೇಳಬಹುದು, ಏಪ್ರಿಲ್‌ನಲ್ಲೇ ಶುರು ಮಾಡಿ. ಹೆಲ್ತ್ ಇನ್ಶೂರೆನ್ಸ್ ಯಾವ ದಿನ ನಿಲ್ಲುತ್ತದೆ, ಯಾವ ದಿನ ಶುರುವಾಗುತ್ತದೆ ಅಂತ ಎರಡೂ ಕಡೆ ಕೇಳಿ.

ಪೇಜರ್, ಐಡಿ ಕಾರ್ಡ್ ವಾಪಸ್ ಕೊಡುವ ಮೊದಲು ನಿಮ್ಮ ರೊಟೇಷನ್ ಪಟ್ಟಿ, ಮೌಲ್ಯಮಾಪನಗಳು, ಕೇಸ್ ಲಾಗ್, ಲಸಿಕೆ ದಾಖಲೆ, ಕೊನೆಯ ಸಂಬಳದ ಚೀಟಿ ಎಲ್ಲದರ ಪ್ರತಿ ನಿಮ್ಮ ಸ್ವಂತ ಇಮೇಲಿಗೆ ಹಾಕಿಕೊಳ್ಳಿ. ರೋಗಿಗಳ ವಿವರ ಇರುವ ಒಂದು ಹಾಳೆಯೂ ಅದರಲ್ಲಿರಬಾರದು. ನಾನು ಕಾರ್ಡ್ ಕೊಟ್ಟಿದ್ದು ಸಂಜೆ ನಾಲ್ಕಕ್ಕೆ. ನಾಲ್ಕೂ ಇಪ್ಪತ್ತಕ್ಕೆ ಪಾರ್ಕಿಂಗ್‌ನಲ್ಲಿ ನಿಂತು ಇಮೇಲ್ ತೆರೆದರೆ ಪಾಸ್‌ವರ್ಡ್ ನಡೆಯಲಿಲ್ಲ.